ಜಗಳವಾದ ಮರುದಿನದ ಕಾಫಿ

ಪ್ರಶ್ನೆ: ಮದುವೆಯಾಗಿ ಏಳು ವರ್ಷ. ಮನೆಯವರು ನೋಡಿ ಮಾಡಿದ ಮದುವೆ. ಐದು ವರ್ಷದ ಮಗನಿದ್ದಾನೆ, ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಮ್ಮ ಯಜಮಾನರು ಕೆಟ್ಟವರಲ್ಲ. ಕುಡಿಯುವುದಿಲ್ಲ, ಯಾವತ್ತೂ ಕೈ ಎತ್ತಿಲ್ಲ. ಆದರೆ ಜಗಳ ಶುರುವಾಯಿತೆಂದರೆ ಬಾಯಿಗೆ ಬೀಗ. ನಾನು ಕೂಗಾಡುತ್ತಿರುತ್ತೇನೆ, ಅವರು ಟಿವಿ ನೋಡುತ್ತಾರೆ. ಇಲ್ಲದಿದ್ದರೆ ಬೈಕ್ ತೆಗೆದುಕೊಂಡು ಹೊರಟುಬಿಡುತ್ತಾರೆ. ಆಮೇಲೆ ಎರಡು ದಿನ ಮಾತಿಲ್ಲ. ಮರುದಿನ ಬೆಳಿಗ್ಗೆ ಏನೂ ಆಗಿಲ್ಲ ಅನ್ನುವ ಹಾಗೆ ಕಾಫಿ ಮಾಡಿ ಅಡುಗೆ ಕಟ್ಟೆಯ ಮೇಲೆ ಇಟ್ಟಿರುತ್ತಾರೆ. ನನಗೆ ಇನ್ನೂ ಉರಿಯುತ್ತಿರುತ್ತದೆ, ಮುಟ್ಟುವುದಿಲ್ಲ. ಮೊನ್ನೆ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಅಮೆರಿಕದ ವಿಜ್ಞಾನಿಯೊಬ್ಬರು ಗಂಡ ಹೆಂಡತಿ ಹದಿನೈದು ನಿಮಿಷ ಮಾತಾಡುವುದನ್ನು ನೋಡಿ, ಇವರಿಗೆ ವಿಚ್ಛೇದನ ಆಗುತ್ತದೋ ಇಲ್ಲವೋ ಎಂದು ನೂರಕ್ಕೆ ತೊಂಬತ್ತು ಸರಿಯಾಗಿ ಹೇಳುತ್ತಾರಂತೆ. ಅದಕ್ಕೆ ನಾಲ್ಕು ಲಕ್ಷಣಗಳಂತೆ. ಲೆಕ್ಕ ಹಾಕಿದರೆ ನಮ್ಮಲ್ಲಿ ಮೂರು ಇವೆ. ಅಂದಿನಿಂದ ನಿದ್ದೆ ಇಲ್ಲ. ಪ್ರೀತಿಸಿ ಮದುವೆಯಾಗಿದ್ದರೆ ಹೀಗಾಗುತ್ತಿರಲಿಲ್ಲವೇನೋ ಅನ್ನಿಸುತ್ತದೆ. ಕೌನ್ಸೆಲಿಂಗ್‌ಗೆ ಹೋಗೋಣ ಅಂದರೆ "ಮನೆ ವಿಷಯ ಹೊರಗಿನವರಿಗೆ ಯಾಕೆ" ಅನ್ನುತ್ತಾರೆ. ನಮ್ಮ ಮದುವೆ ಮುರಿಯುತ್ತದಾ? ಕೌನ್ಸೆಲಿಂಗ್‌ನಿಂದ ನಿಜವಾಗಿ ಪ್ರಯೋಜನ ಇದೆಯಾ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿದ ಆ ವಿಡಿಯೋದ ವಿಷಯ ಮುಗಿಸಿಬಿಡೋಣ. ಉಳಿದದ್ದನ್ನು ಸಮಾಧಾನವಾಗಿ ಮಾತಾಡಬಹುದು.

ಆ ವಿಜ್ಞಾನಿ ಜಾನ್ ಗಾಟ್‌ಮನ್. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇದ್ದವರು. ಅವರು ಅಪಾರ್ಟ್‌ಮೆಂಟ್ ತರಹದ ಒಂದು ಪ್ರಯೋಗಾಲಯ ಮಾಡಿ, ಗಂಡ ಹೆಂಡತಿಯರನ್ನು ಅಲ್ಲಿ ಇರಿಸಿ, ಕ್ಯಾಮೆರಾ ಹಚ್ಚಿ ನೋಡಿದರು. ಬರ್ಕ್ಲಿ ವಿಶ್ವವಿದ್ಯಾಲಯದ ರಾಬರ್ಟ್ ಲೆವೆನ್‌ಸನ್ ಜೊತೆ ಸೇರಿ ಮಾಡಿದ ಅಧ್ಯಯನಗಳಲ್ಲಿ ಎದೆಬಡಿತ, ಬೆವರು ಎಲ್ಲವನ್ನೂ ಅಳೆದರು. ಅಲ್ಲಿಯವರೆಗೆ ಮದುವೆಯ ಬಗ್ಗೆ ಸಂಶೋಧನೆ ಅಂದರೆ ಬಹುಪಾಲು ಪ್ರಶ್ನೆಪತ್ರಿಕೆ ಕೊಟ್ಟು ಉತ್ತರ ತುಂಬಿಸುವುದಾಗಿತ್ತು. ಜನ ಜಗಳವಾಡುವಾಗ ಕೂತು ನೋಡಿದ್ದು ದೊಡ್ಡ ಕೆಲಸವೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ "ನೂರಕ್ಕೆ ತೊಂಬತ್ತು" ಇದೆಯಲ್ಲ, ಅದರ ಒಳಗುಟ್ಟು ಬೇರೆ. 1992ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನದಲ್ಲಿ ಇದ್ದದ್ದು 52 ಜೋಡಿ. ಮೊದಲು ಅವರ ಮಾತುಕತೆ ದಾಖಲಿಸಿದರು. ಕೆಲವು ವರ್ಷ ಬಿಟ್ಟು ಯಾರು ಬೇರೆಯಾದರು, ಯಾರು ಜೊತೆಗಿದ್ದಾರೆ ಎಂದು ನೋಡಿದರು. ಅದು ಗೊತ್ತಾದ ಮೇಲೆ, ಹಳೆಯ ದಾಖಲೆಯಲ್ಲಿ ಯಾವ ಲಕ್ಷಣಗಳು ಆ ಫಲಕ್ಕೆ ಹೊಂದುತ್ತವೆ ಎಂದು ಸೂತ್ರ ಕಟ್ಟಿದರು. ಆ ಸೂತ್ರ ಅದೇ ಜೋಡಿಗಳಿಗೆ ನೂರಕ್ಕೆ 94ರಷ್ಟು ಹೊಂದಿತು. ಹೊಂದದೆ ಏನು? ಮನುಷ್ಯನ ಆಯುಷ್ಯವೆಲ್ಲ ನೋಡಿ ಆಮೇಲೆ ಬರೆದ ಜಾತಕ ತಪ್ಪುವುದುಂಟೇ! ಹೊಸ ಜೋಡಿಗಳ ಮೇಲೆ ಅದೇ ಸೂತ್ರ ಹಾಕಿ ನೋಡಿದಾಗ ಎಷ್ಟು ಸರಿ ಬರುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ. 2001ರಲ್ಲಿ ರಿಚರ್ಡ್ ಹೇಮನ್ ಮತ್ತು ಏಮಿ ಸ್ಲೆಪ್ ಎಂಬ ಇಬ್ಬರು ಸಂಶೋಧಕರು ಇದೇ ಅಪಾಯವನ್ನು ಅಂಕಿಗಳ ಸಮೇತ ತೋರಿಸಿದರು. ವಿಡಿಯೋ ಮಾಡುವವರಿಗೆ ಅದು ರುಚಿಸುವುದಿಲ್ಲ, ಹಾಗಾಗಿ ನಿಮಗೆ ತಲುಪಿಲ್ಲ.

ಹೋಗಲಿ, ಸೂತ್ರ ನಿಜವಾಗಿಯೂ ನೂರಕ್ಕೆ ತೊಂಬತ್ತು ಸರಿ ಅಂತಲೇ ಇಟ್ಟುಕೊಳ್ಳಿ. ಒಂದು ಊರಿನಲ್ಲಿ ಸಾವಿರ ಜೋಡಿ, ಮುಂದಿನ ಕೆಲವು ವರ್ಷದಲ್ಲಿ ಐವತ್ತು ಜೋಡಿ ಬೇರೆಯಾಗುವವರು ಅನ್ನೋಣ. ಸೂತ್ರ ಆ ಐವತ್ತರಲ್ಲಿ 45 ಜೋಡಿಯನ್ನು ಹಿಡಿಯುತ್ತದೆ. ಉಳಿದ 950 ಜೋಡಿಯಲ್ಲಿ ನೂರಕ್ಕೆ ಹತ್ತರಂತೆ ತಪ್ಪಿ, 95 ಜೋಡಿಗೆ "ನಿಮ್ಮದೂ ಮುರಿಯುತ್ತದೆ" ಅಂದುಬಿಡುತ್ತದೆ. ಅಂದರೆ ಒಟ್ಟು 140 ಜೋಡಿಗೆ ಹೆದರಿಸಿತು, ಅದರಲ್ಲಿ 95 ಜೋಡಿ ಸುಮ್ನೆ ಹೆದರಿದವರು. ಮೂರರಲ್ಲಿ ಎರಡು ಜೋಡಿ! ನೀವು ಆ ಸಾಲಿನಲ್ಲಿ ಇರುವ ಸಾಧ್ಯತೆಯೇ ಜಾಸ್ತಿ. ಮುರಿಯುತ್ತದೆ, ಮುರಿಯುವುದಿಲ್ಲ ಎಂದು ನಾನೂ ಹೇಳಲಾರೆ. ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಆ ನಾಲ್ಕು ಲಕ್ಷಣ. ಬೈಬಲ್‌ನ ಕೊನೆಯ ಭಾಗದಲ್ಲಿ ಬರುವ ನಾಲ್ಕು ಕುದುರೆ ಸವಾರರ ಹೆಸರನ್ನೇ ಗಾಟ್‌ಮನ್ ಇವಕ್ಕೆ ಇಟ್ಟಿದ್ದಾರೆ. ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ. ವಿಷಯ ಮಾತ್ರ ಮನೆಮನೆಯದು. ಆಕ್ಷೇಪಣೆ, ತಾತ್ಸಾರ, ತನ್ನದೇನೂ ತಪ್ಪಿಲ್ಲ ಎಂದು ತಿರುಗಿಸಿ ಹೇಳುವುದು, ಮತ್ತು ಮಾತಿಗೇ ಸಿಗದೆ ಗೋಡೆಯಾಗುವುದು. "ರೀ, ಕರೆಂಟ್ ಬಿಲ್ ಕಟ್ಟೋದು ಉಳಿದುಹೋಯ್ತಲ್ಲ" ಅನ್ನುವುದು ದೂರು. ಅದು ಎಲ್ಲ ಮನೆಯಲ್ಲೂ ಇರಬೇಕಾದ್ದೇ. "ನಿಮಗೆ ಮನೆ ಅನ್ನೋದೊಂದು ಇದೆ ಅಂತ ಯಾವತ್ತು ನೆನಪಿತ್ತು?" ಅನ್ನುವುದು ಆಕ್ಷೇಪಣೆ. ಅಲ್ಲಿ ಬಿಲ್ ಹೋಗಿ ಮನುಷ್ಯ ಬಂದ.

ನಾಲ್ಕರಲ್ಲಿ ಹೆಚ್ಚು ಕೆಟ್ಟದ್ದು ತಾತ್ಸಾರ. ಮೂಗು ಮುರಿಯುವುದು, ಅಣಕಿಸುವುದು, "ನಿನಗೆ ಇಷ್ಟೂ ಗೊತ್ತಾಗಲ್ವಾ" ಅನ್ನುವುದು. ನಮ್ಮ ಕಡೆ ಈ ತಾತ್ಸಾರ ಗಂಡ ಹೆಂಡತಿಯ ಮೇಲೆ ನಿಲ್ಲುವುದಿಲ್ಲ ಅನ್ನುವುದನ್ನು ನಾನು ಇಷ್ಟು ವರ್ಷದ ಕೆಲಸದಲ್ಲಿ ನೋಡಿದ್ದೇನೆ. ಅದು ನೇರವಾಗಿ ತವರಿಗೆ ಹೋಗುತ್ತದೆ. "ನಿಮ್ಮಪ್ಪನ ಮನೇಲಿ ಕಲಿಸಿದ್ದು ಇದೇನಾ?" "ನಿಮ್ಮಮ್ಮ ನಿಮ್ಮನ್ನ ಬೆಳೆಸಿದ್ದೇ ಹಾಗೆ." ಈ ಎರಡು ಮಾತು ಬಂದ ಜಗಳ ವರ್ಷಗಟ್ಟಲೆ ಹಸಿಯಾಗಿರುತ್ತದೆ. ಬಿಲ್ಲಿನ ಜಗಳ ಮರೆತವರೂ ಇದನ್ನು ದಿನಾಂಕದ ಸಮೇತ ಹೇಳುತ್ತಾರೆ. ನಿಮ್ಮ ಪತ್ರದಲ್ಲಿ ಕೂಗಾಟ ಇದೆ, ಮೌನ ಇದೆ. ತಾತ್ಸಾರ ಎಷ್ಟಿದೆ ಎಂದು ಸ್ಪಷ್ಟವಿಲ್ಲ. ನೀವೇ ಒಮ್ಮೆ ಯೋಚಿಸಿ ನೋಡಿ. ನಿಮ್ಮ ಕಡೆಯಿಂದ ಹೋಗುವುದನ್ನೂ ಸೇರಿಸಿ.

ಈಗ ಅವರ ಮೌನ. ನಿಮಗೆ ಅದು ಅಲಕ್ಷ್ಯದ ಹಾಗೆ ಕಾಣುತ್ತದೆ, ಸಹಜ. ನೀವು ಉರಿಯುತ್ತಿದ್ದೀರಿ, ಎದುರಿಗಿರುವವರು ಟಿವಿ ನೋಡುತ್ತಿದ್ದಾರೆ! ಆದರೆ ಎದೆಬಡಿತ ಅಳೆದವರಿಗೆ ಕಂಡದ್ದು ಬೇರೆ. ಹೊರಗೆ ಕಲ್ಲಿನ ಹಾಗೆ ಕೂತವರ ಹೃದಯ ಒಳಗೆ ನಿಮಿಷಕ್ಕೆ ನೂರು ದಾಟಿ ಬಡಿಯುತ್ತಿರುತ್ತದೆ. ಆ ಸ್ಥಿತಿಯಲ್ಲಿ ಕಿವಿಗೆ ಮಾತು ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಓಡಿಹೋಗಬೇಕು ಅಥವಾ ತಿರುಗಿ ಬೀಳಬೇಕು ಎಂದು ಮೈ ಸಿದ್ಧವಾಗಿರುತ್ತದೆ. ಹೀಗೆ ಗೋಡೆಯಾಗುವವರಲ್ಲಿ ಹೆಚ್ಚಿನವರು ಗಂಡಸರು ಎಂದು ಆ ಅಧ್ಯಯನಗಳು ಹೇಳುತ್ತವೆ. ಬೈಕ್ ತೆಗೆದುಕೊಂಡು ಹೊರಟವರು ಬಹುಶಃ ನಿಮ್ಮಿಂದ ಓಡಿದ್ದಲ್ಲ, ತಮ್ಮ ಎದೆಬಡಿತದಿಂದ ಓಡಿದ್ದು.

ಇದನ್ನು ಗಂಡಸರ ಪರ ವಕಾಲತ್ತು ಅಂದುಕೊಳ್ಳಬೇಡಿ. ಅವರು ಓಡಿದಷ್ಟೂ ನಿಮ್ಮ ದನಿ ಏರುತ್ತದೆ, ನಿಮ್ಮ ದನಿ ಏರಿದಷ್ಟೂ ಅವರು ಓಡುತ್ತಾರೆ. ಬಾವಿಯ ರಾಟೆ ಹಾಗೆ, ಒಂದು ಕಡೆ ಎಳೆದಷ್ಟೂ ಇನ್ನೊಂದು ಕಡೆ ಹೋಗುತ್ತದೆ. ಒಬ್ಬರು ಬೆನ್ನಟ್ಟುವುದು, ಇನ್ನೊಬ್ಬರು ಹಿಂದೆ ಸರಿಯುವುದು ಎಂಬ ಈ ಜೋಡಿ ಆಟವನ್ನು ಆಂಡ್ರ್ಯೂ ಕ್ರಿಸ್ಟೆನ್ಸನ್ ಎಂಬ ಸಂಶೋಧಕರು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅವರು ಗಮನಿಸಿದ ಒಂದು ಅಂಶ ನನಗೆ ಇಷ್ಟ. ಬದಲಾವಣೆ ಬೇಕಾದವರು ಬೆನ್ನಟ್ಟುತ್ತಾರೆ, ಈಗಿರುವುದೇ ಚೆನ್ನಾಗಿದೆ ಅನ್ನುವವರು ಸರಿಯುತ್ತಾರೆ. ಮನೆಯ ಕೆಲಸ, ಮಗುವಿನ ಕೆಲಸ ಯಾರ ತಲೆ ಮೇಲೆ ಜಾಸ್ತಿ ಇದೆಯೋ ಅವರಿಗೆ ತಾನೇ ಬದಲಾವಣೆ ಬೇಕಾಗುವುದು? "ಹೆಂಗಸರಿಗೆ ಕಿರಿಕಿರಿ ಮಾಡೋದೇ ಅಭ್ಯಾಸ" ಅನ್ನುವವರಿಗೆ ಇದನ್ನು ಹೇಳಬೇಕು.

ಏನು ಮಾಡಬಹುದು? ಗಾಟ್‌ಮನ್ ತಂಡ ಒಮ್ಮೆ ಜಗಳದ ನಡುವೆ ಜೋಡಿಗಳನ್ನು ತಡೆದು, "ಯಂತ್ರ ಸ್ವಲ್ಪ ಸರಿ ಮಾಡಬೇಕು, ಅಲ್ಲಿವರೆಗೆ ಈ ಪತ್ರಿಕೆ ಓದುತ್ತಿರಿ" ಎಂದು ಕೂರಿಸಿತು. ಅರ್ಧ ಗಂಟೆ ಬಿಟ್ಟು ಮತ್ತೆ ಮಾತು ಶುರು ಮಾಡಿಸಿದರೆ, ಬೇರೆಯೇ ಜನ ಬಂದು ಕೂತ ಹಾಗೆ ಶಾಂತವಾಗಿ ಮಾತಾಡಿದರು. ಮೈ ತಣ್ಣಗಾಗಲು ಕಡಿಮೆ ಅಂದರೂ ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಜಗಳ ಇಲ್ಲದ ದಿನ ಇಬ್ಬರೂ ಕೂತು ಒಂದು ಕರಾರು ಮಾಡಿಕೊಳ್ಳಿ. ತಲೆ ಬಿಸಿಯಾದರೆ ಯಾರು ಬೇಕಾದರೂ ಎದ್ದು ಹೋಗಬಹುದು, ಆದರೆ ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗಬೇಕು. "ಒಂದು ರೌಂಡ್ ಹೋಗಿ ಬರ್ತೀನಿ, ಎಂಟಕ್ಕೆ ಮಾತಾಡೋಣ." ಎಂಟಕ್ಕೆ ಬರಲೇಬೇಕು. ಆ ಇಪ್ಪತ್ತು ನಿಮಿಷದಲ್ಲಿ "ಅವಳು ಹೀಗಂದಳು, ನಾನು ಹೀಗನ್ನಬೇಕಿತ್ತು" ಎಂದು ಮೆಲುಕು ಹಾಕುತ್ತಾ ಕೂತರೆ ಪ್ರಯೋಜನವಿಲ್ಲ. ಪಾತ್ರೆ ತೊಳೆಯಲಿ, ಗಿಡಕ್ಕೆ ನೀರು ಹಾಕಲಿ.

ನಿಮ್ಮ ಪಾಲಿಗೂ ಒಂದು ಇದೆ, ಬೇಜಾರು ಮಾಡಿಕೊಳ್ಳಬೇಡಿ. 124 ನವದಂಪತಿಗಳ ಒಂದು ಅಧ್ಯಯನ 1999ರಲ್ಲಿ ಬಂತು. ಜಗಳದ ಮೊದಲ ಮೂರು ನಿಮಿಷ ಹೇಗೆ ಶುರುವಾಯಿತು ಅನ್ನುವುದರಲ್ಲೇ, ಮುಂದೆ ಜೊತೆಗಿದ್ದವರಿಗೂ ಬೇರೆಯಾದವರಿಗೂ ಇದ್ದ ವ್ಯತ್ಯಾಸ ಕಾಣುತ್ತಿತ್ತು. ಭವಿಷ್ಯ ಹೇಳುವುದಕ್ಕೆ ಇದನ್ನು ಬಳಸಬೇಡಿ, ಮೇಲಿನ ಜಾತಕದ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಆದರೆ ಬಾಗಿಲು ತೆಗೆಯುತ್ತಿದ್ದ ಹಾಗೇ "ಯಾವಾಗಲೂ ನೀವು..." ಎಂದು ಶುರು ಮಾಡಿದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನಿಮಗೇ ಗೊತ್ತಿದೆ ಅಲ್ವಾ? "ಇವತ್ತು ನನಗೆ ತುಂಬಾ ಸಾಕಾಗಿದೆ, ಊಟ ಆದ ಮೇಲೆ ಹತ್ತು ನಿಮಿಷ ಕೂತ್ಕೊಳ್ತೀರಾ" ಎಂದು ಶುರು ಮಾಡಿ ನೋಡಿ. ಸುಲಭವಲ್ಲ. ನನಗೂ ನನ್ನ ಮನೆಯಲ್ಲಿ ಹತ್ತು ಸಲಕ್ಕೆ ನಾಲ್ಕು ಸಲ ಬರುತ್ತದೆ ಅಷ್ಟೆ.

ಈಗ ಕಾಫಿಗೆ ಬರೋಣ. ನೀವು ಪತ್ರದಲ್ಲಿ ದೂರಿನ ಪಟ್ಟಿಗೆ ಸೇರಿಸಿ ಬರೆದ ಆ ಕಾಫಿಯನ್ನು ನಾನು ಎರಡು ಮೂರು ಸಲ ಓದಿದೆ.

ನಮ್ಮಲ್ಲಿ ಬಹಳ ಗಂಡಸರಿಗೆ "ತಪ್ಪಾಯ್ತು" ಅನ್ನಲು ಬರುವುದಿಲ್ಲ. ಯಾರೂ ಕಲಿಸಿಲ್ಲ. ಅವರಪ್ಪ ಅಂದದ್ದನ್ನು ಅವರು ಕೇಳಿಲ್ಲ. ಆದರೆ ಒಳಗೆ ಸರಿ ಮಾಡಿಕೊಳ್ಳಬೇಕು ಎಂದು ಇರುತ್ತದೆ. ಅದು ಕಾಫಿಯಾಗಿ ಬರುತ್ತದೆ, ಸಂಜೆ ತರುವ ಮೆಣಸಿನಕಾಯಿ ಬಜ್ಜಿಯಾಗಿ ಬರುತ್ತದೆ, ಮಗನನ್ನು ಮುಂದೆ ಮಾಡಿ "ಅಮ್ಮನ್ನ ಕೇಳು, ಪೇಟೆಗೆ ಬರ್ತಾಳಾ ಅಂತ" ಎಂಬ ಮಾತಾಗಿ ಬರುತ್ತದೆ. ಮುರಿದದ್ದನ್ನು ಜೋಡಿಸುವ ಇಂಥ ಸಣ್ಣ ಪ್ರಯತ್ನಗಳನ್ನು ಈ ಕ್ಷೇತ್ರದವರು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಜಗಳವೇ ಆಡದ ಜೋಡಿಯನ್ನು ಹುಡುಕುವುದು ಕಷ್ಟ. ಗಟ್ಟಿಯಾಗಿ ಉಳಿದ ಜೋಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇಷ್ಟು: ಒಬ್ಬರು ಕೈ ಚಾಚಿದಾಗ ಇನ್ನೊಬ್ಬರು ಹಿಡಿಯುತ್ತಾರೆ. ನವದಂಪತಿಗಳನ್ನು ಆರು ವರ್ಷ ಹಿಂಬಾಲಿಸಿದ ಗಾಟ್‌ಮನ್ ಕೊಡುವ ಲೆಕ್ಕ ಹೀಗಿದೆ. ಜೊತೆಗೆ ಉಳಿದವರು ಸಂಗಾತಿಯ ಸಣ್ಣ ಕರೆಗಳಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು, ಬೇರೆಯಾದವರು 33 ಸಲ. ಕರೆ ಅಂದರೆ "ಇಲ್ನೋಡು, ಮಳೆ ಬರೋ ಹಾಗಿದೆ" ಅನ್ನುವಷ್ಟು ಸಣ್ಣದು.

ಹಾಗಂತ ಕಾಫಿ ಕುಡಿದು ಎಲ್ಲ ನುಂಗಿಕೊಳ್ಳಿ ಎಂದು ಹೇಳುತ್ತಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂಬ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಉಂಡ ಮೇಲೆ ಪಾತ್ರೆ ತೊಳೆದವರಲ್ಲ ಎಂಬುದು ನನ್ನ ಅನುಮಾನ. ಮಲಗಿ ಎದ್ದರೆ ಜಗಳ ಹೋಗುವುದಿಲ್ಲ, ಹಾಸಿಗೆ ಕೆಳಗೆ ಹೋಗುತ್ತದೆ ಅಷ್ಟೆ. ಕಾಫಿ ಕುಡಿಯಿರಿ, ಕುಡಿಯುತ್ತಾ "ಕಾಫಿ ಚೆನ್ನಾಗಿದೆ. ನಿನ್ನೆ ವಿಷಯ ಇನ್ನೂ ಮುಗಿದಿಲ್ಲ, ಸಂಜೆ ಮಾತಾಡೋಣ" ಅನ್ನಿ. ಎರಡು ವಾಕ್ಯವೂ ಬೇಕು. ಮೊದಲನೆಯದು ಇಲ್ಲದಿದ್ದರೆ ಅವರು ಕಾಫಿ ಮಾಡುವುದನ್ನೂ ನಿಲ್ಲಿಸುತ್ತಾರೆ. ಎರಡನೆಯದು ಇಲ್ಲದಿದ್ದರೆ ನೀವು ಮುಂದಿನ ತಿಂಗಳು ಇದೇ ಜಗಳ ಆಡುತ್ತೀರಿ.

ಅಂದ ಹಾಗೆ, ಮುಂದಿನ ತಿಂಗಳೂ ಆಡುತ್ತೀರಿ ಅನ್ನಿ. ಗಂಡ ಹೆಂಡತಿಯರ ಜಗಳದ ವಿಷಯಗಳಲ್ಲಿ ನೂರಕ್ಕೆ 69 ಯಾವತ್ತಿಗೂ ಪೂರ್ತಿ ಬಗೆಹರಿಯುವಂಥದ್ದಲ್ಲ ಎಂಬುದು ಅದೇ ಪ್ರಯೋಗಾಲಯದ ಇನ್ನೊಂದು ಲೆಕ್ಕ. ಒಬ್ಬರಿಗೆ ಉಳಿತಾಯ, ಒಬ್ಬರಿಗೆ ಖರ್ಚು. ಒಬ್ಬರಿಗೆ ಜನ ಬೇಕು, ಒಬ್ಬರಿಗೆ ಬೇಡ. ಇದು ಕೇಳಿ ಕೆಲವರು ಕುಗ್ಗುತ್ತಾರೆ, ನನಗಂತೂ ಸಮಾಧಾನವಾಯಿತು.

ಅತ್ತೆಯ ವಿಷಯ ನೀವು ಒಂದೇ ಮಾತಿನಲ್ಲಿ ಹೇಳಿದ್ದೀರಿ, ನಾನೂ ಜಾಸ್ತಿ ಊಹಿಸುವುದಿಲ್ಲ. ಒಂದನ್ನು ಮಾತ್ರ ಮರೆಯಬೇಡಿ. ಮೇಲೆ ಹೇಳಿದ ಸಂಶೋಧನೆಗಳಲ್ಲಿ ನೋಡಿದ್ದು ಹೆಚ್ಚಾಗಿ ಗಂಡ ಹೆಂಡತಿ ಇಬ್ಬರನ್ನೇ. ನಿಮ್ಮ ಜಗಳಕ್ಕೆ ಪಕ್ಕದ ಕೋಣೆಯಲ್ಲಿ ಒಬ್ಬರು ಕೇಳುಗರಿದ್ದಾರೆ. ಅಮ್ಮನ ಎದುರು ಹೆಂಡತಿಗೆ ಸೋತ ಹಾಗೆ ಕಾಣಬಾರದು ಎಂದು ಗಂಡ ಬಿಗಿಯಾಗುತ್ತಾನೆ, ಅತ್ತೆಯ ಎದುರು ಮರ್ಯಾದೆ ಹೋಯಿತೆಂದು ಹೆಂಡತಿಗೆ ಎರಡು ಪಟ್ಟು ನೋಯುತ್ತದೆ. ಮಾತಾಡುವ ಜಾಗವನ್ನು ಬದಲಿಸಿದರೆ ಎಷ್ಟೋ ವ್ಯತ್ಯಾಸ ಆಗುತ್ತದೆ. ಮಹಡಿಯ ಮೇಲೆ, ಕೆರೆ ಏರಿಯ ಮೇಲೆ ನಡೆಯುತ್ತಾ, ಎಲ್ಲಾದರೂ ಸರಿ. ಇನ್ನೊಂದು, ಅಮೆರಿಕದ ಮಿಚಿಗನ್‌ನಲ್ಲಿ ಟೆರಿ ಆರ್ಬಕ್ ಎಂಬ ಸಂಶೋಧಕರು 1986ರಲ್ಲಿ ಮದುವೆಯಾದ 373 ಜೋಡಿಗಳನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಹೆಂಡತಿಯ ತವರಿನ ಜೊತೆ ಗಂಡ ಆತ್ಮೀಯವಾಗಿದ್ದ ಮನೆಗಳಲ್ಲಿ ವಿಚ್ಛೇದನ ಕಡಿಮೆ ಎಂದು ಅವರಿಗೆ ಕಂಡಿತು. ಹೆಂಡತಿ ಗಂಡನ ಮನೆಯವರ ಜೊತೆ ತೀರಾ ಹತ್ತಿರವಾದಾಗ ಮಾತ್ರ ಉಲ್ಟಾ. ಇದು ನಮ್ಮ ಮನೆಗಳಿಗೆ ಹಾಗೇ ಕೂರುವುದಿಲ್ಲ. ಆದರೂ ನಮ್ಮಲ್ಲಿ ಬುದ್ಧಿವಾದವೆಲ್ಲ "ಅತ್ತೆ ಜೊತೆ ಹೊಂದಿಕೊಂಡು ಹೋಗಮ್ಮ" ಎಂದು ಸೊಸೆಗೇ ಹೋಗುತ್ತದಲ್ಲ, ಅಳಿಯಂದಿರಿಗೂ ಅತ್ತೆ ಮಾವನಿಗೆ ವಾರಕ್ಕೊಂದು ಫೋನ್ ಮಾಡಪ್ಪ ಎಂದು ಯಾರಾದರೂ ಹೇಳಬಾರದೇ?

ಪ್ರೀತಿಸಿ ಆಗಿದ್ದರೆ ಅನ್ನುವ ಪ್ರಶ್ನೆಗೆ ಚಿಕ್ಕ ಉತ್ತರ. ನೋಡಿ ಮಾಡಿದ ಮದುವೆಯಲ್ಲಿ ಪ್ರೀತಿ ವರ್ಷದಿಂದ ವರ್ಷಕ್ಕೆ ಏರುತ್ತದೆ, ಪ್ರೇಮವಿವಾಹದಲ್ಲಿ ಇಳಿಯುತ್ತದೆ ಎಂದು ಸಾಮಾನ್ಯವಾಗಿ ಉದಾಹರಿಸುವುದು 1982ರ ಜೈಪುರದ ಒಂದು ಅಧ್ಯಯನವನ್ನು. ಅದರಲ್ಲಿ ಇದ್ದದ್ದು ಐವತ್ತೇ ಜೋಡಿ. 2012ರಲ್ಲಿ ಅಮೆರಿಕದಲ್ಲಿರುವ ಭಾರತೀಯರನ್ನು ಕೇಳಿದಾಗ ಎರಡೂ ಬಗೆಯ ಮದುವೆಗಳ ನಡುವೆ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದೂ ಸಣ್ಣ ಅಧ್ಯಯನವೇ. ನನ್ನ ಮುಂದೆ ಕೂತು ಜಗಳವಾಡುವವರಲ್ಲಿ ಎರಡು ಬಗೆಯವರೂ ಇದ್ದಾರೆ, ಬಳಸುವ ಮಾತುಗಳೂ ಅವೇ.

ಕೌನ್ಸೆಲಿಂಗ್‌ನಿಂದ ಪ್ರಯೋಜನ ಇದೆಯಾ? ಇದೆ, ಆದರೆ ಎಲ್ಲರಿಗೂ ಅಲ್ಲ. ಕ್ರಿಸ್ಟೆನ್ಸನ್ ಮತ್ತು ನೀಲ್ ಜೇಕಬ್ಸನ್ ಲಾಸ್ ಏಂಜಲಿಸ್ ಮತ್ತು ಸಿಯಾಟಲ್‌ನಲ್ಲಿ 134 ಜೋಡಿಗಳ ಮೇಲೆ ದೊಡ್ಡ ಪರೀಕ್ಷೆ ಮಾಡಿದರು. ಸುಮ್ಮನೆ ಕಿರಿಕಿರಿ ಇದ್ದವರನ್ನಲ್ಲ, ವರ್ಷಗಟ್ಟಲೆ ನೊಂದವರನ್ನೇ ಆರಿಸಿದರು. ಎರಡು ಬಗೆಯ ಚಿಕಿತ್ಸೆ, ಹೆಚ್ಚೆಂದರೆ 26 ಭೇಟಿ. ಐದು ವರ್ಷದ ನಂತರ ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳು ಗಣನೀಯವಾಗಿ ಸುಧಾರಿಸಿದ್ದರು, ಕಾಲುಭಾಗದಷ್ಟು ಬೇರೆಯಾಗಿದ್ದರು. ಅಷ್ಟು ಹದಗೆಟ್ಟ ಮೇಲೆ ಬಂದವರಲ್ಲಿ ಅರ್ಧ ಅಂದರೆ ಕಡಿಮೆಯಲ್ಲ. ಬೇಗ ಹೋದಷ್ಟೂ ಒಳ್ಳೆಯದು. ಆದರೆ ನಮ್ಮಲ್ಲಿ ಮೊದಲು ಹಿರಿಯರು, ಆಮೇಲೆ ಜ್ಯೋತಿಷಿ, ಆಮೇಲೆ ವಕೀಲರು, ವಕೀಲರು ಹೇಳಿದ ಮೇಲೆ ಕೌನ್ಸೆಲರ್. ಅಷ್ಟರಲ್ಲಿ ಅಕ್ಕಿ ಬೆಂದು ತಳ ಹಿಡಿದಿರುತ್ತದೆ.

ಹೊರಗಿನವರು ಬೇಡ ಅನ್ನುವ ನಿಮ್ಮ ಯಜಮಾನರಿಗೆ ಒಗ್ಗಬಹುದಾದ ಒಂದು ಉಪಾಯವೂ ಇದೆ. ಎಲೈ ಫಿಂಕೆಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು. 120 ಜೋಡಿಗಳನ್ನು ಎರಡು ವರ್ಷ ನೋಡಿದರು. ಎರಡನೆಯ ವರ್ಷದಲ್ಲಿ ಅರ್ಧ ಜನಕ್ಕೆ ಮಾತ್ರ ಮೂರು ಸಲ, ಏಳೇಳು ನಿಮಿಷದ ಒಂದು ಬರವಣಿಗೆ ಕೊಟ್ಟರು. ಇತ್ತೀಚಿನ ಜಗಳವನ್ನು, ಇಬ್ಬರ ಒಳ್ಳೆಯದನ್ನೂ ಬಯಸುವ ಮೂರನೆಯವರು ನೋಡಿದ್ದರೆ ಹೇಗೆ ಕಾಣುತ್ತಿತ್ತು ಎಂದು ಬರೆಯುವುದು. ಬರೆಯದವರ ದಾಂಪತ್ಯದ ತೃಪ್ತಿ ಇಳಿಯುತ್ತಾ ಹೋಯಿತು, ಬರೆದವರದು ಅಲ್ಲೇ ನಿಂತಿತು. ವರ್ಷಕ್ಕೆ ಇಪ್ಪತ್ತೊಂದು ನಿಮಿಷ! ನಮ್ಮ ಲೆಕ್ಕದಲ್ಲಿ ಆ ಮೂರನೆಯವರು ಯಾರು ಗೊತ್ತಾ? ಇಬ್ಬರನ್ನೂ ಬೈಯುವ ಹಕ್ಕಿರುವ ದೊಡ್ಡಮ್ಮ. ಅವರು ಬಾಗಿಲಲ್ಲಿ ನಿಂತು ನೋಡಿದ್ದರೆ ನಿಮಗೇನನ್ನುತ್ತಿದ್ದರು, ಅವರಿಗೇನನ್ನುತ್ತಿದ್ದರು, ಬರೆಯಿರಿ. ಬರೆದದ್ದನ್ನು ಯಜಮಾನರಿಗೆ ತೋರಿಸಲೇಬೇಕು ಎಂದಿಲ್ಲ.

ಒಂದು ಎಚ್ಚರಿಕೆಯನ್ನು ನಿಮಗಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳಬೇಕು. ನಿಮ್ಮ ಮನೆಯಲ್ಲಿ ಹೊಡೆತ ಇಲ್ಲ ಅಂದಿದ್ದೀರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅಂಥ ಮನೆಯಲ್ಲಿ ಮೇಲೆ ಹೇಳಿದ ಯಾವುದೂ ಮದ್ದಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದೂ ಅಪಾಯ, ಯಾಕೆಂದರೆ ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ. ಅಂಥವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರುವುದು ಅದಕ್ಕೇ.

ನೀವು ಹೋಗುವುದಾದರೆ, ನಮ್ಮಲ್ಲಿ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳುತ್ತಾರೆ, ಕೇಳಿ ಹೋಗಿ. ಕ್ಲಿನಿಕಲ್ ಸೈಕಾಲಜಿ ಅಥವಾ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ನಲ್ಲಿ ಎಂ.ಫಿಲ್. ಮಾಡಿದವರಾದರೆ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೌನ್ಸೆಲಿಂಗ್‌ಗೆ ಹೋದರೆ ಸಾಮಾನ್ಯವಾಗಿ ಮೊದಲು ಇಬ್ಬರನ್ನೂ ಒಟ್ಟಿಗೆ, ಆಮೇಲೆ ಒಬ್ಬೊಬ್ಬರನ್ನೇ, ಮತ್ತೆ ಒಟ್ಟಿಗೆ ಮಾತಾಡಿಸುತ್ತಾರೆ. ಅಲ್ಲಿ ಪಂಚಾಯ್ತಿ ನಡೆಯುವುದಿಲ್ಲ. ಮೊದಲ ದಿನವೇ ಯಾರದು ತಪ್ಪು ಎಂದು ತೀರ್ಪು ಕೊಟ್ಟರೆ ಎರಡನೆಯ ಸಲ ಅವರ ಹತ್ತಿರ ಹೋಗಬೇಡಿ.

ಯಜಮಾನರನ್ನು ಕೇಳುವಾಗ ಜಗಳದ ಮಧ್ಯೆ "ನಿಮಗೆ ಕೌನ್ಸೆಲಿಂಗ್ ಬೇಕು" ಅನ್ನಬೇಡಿ, ಅದು ಬೈಗುಳದ ಹಾಗೆ ಕೇಳುತ್ತದೆ. ಕಾಫಿ ಕುಡಿದ ಬೆಳಿಗ್ಗೆಯೊಂದು ನೋಡಿ, "ನಾನು ಕೂಗಾಡೋದು ನನಗೇ ಇಷ್ಟ ಇಲ್ಲ. ಹೇಗೆ ಕಡಿಮೆ ಮಾಡೋದು ಅಂತ ಕೇಳೋಕೆ ಹೋಗ್ತಿದೀನಿ. ಒಂದೇ ಸಲ ಜೊತೆಗೆ ಬರ್ತೀರಾ? ಸರಿ ಅನ್ನಿಸದಿದ್ರೆ ಬಿಡೋಣ" ಅನ್ನಿ. ಬರಲ್ಲ ಅಂದರೆ ಒತ್ತಾಯ ಬೇಡ, ನೀವೊಬ್ಬರೇ ಹೋಗಿ. ಒಬ್ಬರೇ ಬಂದವರಿಗೂ ಕುರ್ಚಿ ಇರುತ್ತದೆ. ಎಷ್ಟೋ ಸಲ ಮೂರನೆಯ ಭೇಟಿಯ ಹೊತ್ತಿಗೆ, "ಅಲ್ಲಿ ನನ್ನ ಬಗ್ಗೆ ಏನು ಹೇಳ್ತಿದೀಯ" ಎಂದು ಕೇಳಿಕೊಂಡು ಗಂಡನೂ ಹಿಂದೆ ಬಂದದ್ದಿದೆ.